ಎರಡು ನುಡಿಯ ಮಗು

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಂಬಿದ ತಾಯಿತಂದೆಗಳಿಗೆ ಮೊಳಕೆಯ ಕಾಲದ ಚಿಂತೆಯೇ ಹೆಚ್ಚು. ಮಗುವಿಗೆ ಏನನ್ನು ಉಣ್ಣಿಸಬೇಕು, ಎಷ್ಟು ಹೊತ್ತು ಮಲಗಿಸಬೇಕು, ಯಾವ ಶಾಲೆಗೆ ಸೇರಿಸಬೇಕು ಎಂಬ ಹಳೆಯ ಚಿಂತೆಗಳೊಡನೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಂದು ಕೂಡಿಕೊಂಡಿದೆ. ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತನಾಡಬೇಕು? ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ, ಶಿಶುವಿಹಾರದಲ್ಲಿ ಮತ್ತೊಂದು ನುಡಿ ಕಿವಿಗೆ ಬಿದ್ದರೆ ಎಳೆಯ ಬುದ್ಧಿಯು ಕಲಕಿಹೋಗುವುದಿಲ್ಲವೇ? ಮುಂದೆ ಶಾಲೆಯಲ್ಲಿ ಇಂಗ್ಲಿಷು ಬೇಕಾಗಿರುವಾಗ ಮನೆಯಲ್ಲಿಯೂ ಈಗಿನಿಂದಲೇ ಅದನ್ನೇ ಆಡಿ, ಮನೆಮಾತನ್ನು ಸ್ವಲ್ಪ ಕಾಲ ಬದಿಗಿಟ್ಟರೆ ಮಗುವಿಗೆ ಅನುಕೂಲವಲ್ಲವೇ?

ಈ ಪ್ರಶ್ನೆಗಳು ಕೇವಲ ಪಂಡಿತರ ಚರ್ಚೆಗೆ ಬಿಡತಕ್ಕವಲ್ಲ. ಮಗುವು ತನ್ನ ಅಜ್ಜಿಯೊಡನೆ ಏನನ್ನು ಮಾತನಾಡಬಲ್ಲುದು, ತನ್ನ ದುಃಖವನ್ನು ತಾಯಿಗೆ ಯಾವ ಮಾತಿನಲ್ಲಿ ಹೇಳಬಲ್ಲುದು, ಕಡೆಗೆ ಎಷ್ಟು ಆಳವಾಗಿ ಯೋಚಿಸಬಲ್ಲುದು ಎಂಬುದೆಲ್ಲವೂ ಇವಕ್ಕೆ ನಾವು ಕೊಡುವ ಉತ್ತರದ ಮೇಲೆ ನಿಂತಿದೆ. ನೂರು ವರ್ಷಗಳಿಗೂ ಮೇಲ್ಪಟ್ಟು ನಾನಾ ದೇಶಗಳ ವಿದ್ವಾಂಸರು ಈ ವಿಷಯವನ್ನು ಶೋಧಿಸುತ್ತ ಬಂದಿರುವರು. ಅವರು ಕಂಡುಕೊಂಡದ್ದರಲ್ಲಿ ಗೃಹಸ್ಥರಿಗೆ ಉಪಯುಕ್ತವಾದುದನ್ನು ಆರಿಸಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿನ ವಾಡಿಕೆ

ಎರಡು ನುಡಿಗಳ ನಡುವೆ ಮಗುವು ಬೆಳೆಯುವುದು ನಮ್ಮಲ್ಲಿ ಹೊಸದಲ್ಲ. ಮಂಗಳೂರಿನ ಕಡೆಯ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ನುಡಿಗಳು, ಹೊರಗೆ ಕನ್ನಡ. ಕೋಲಾರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಬೆಳಗಾವಿಯ ಕಡೆ ಮರಾಠಿ, ಕಲಬುರಗಿ ಬೀದರಗಳಲ್ಲಿ ಉರ್ದು, ಕೊಡಗಿನಲ್ಲಿ ಕೊಡವ ತಕ್ಕು. ಈ ಮನೆಗಳ ಮಕ್ಕಳು ಅಂಗಳ ದಾಟಿದೊಡನೆ ಇನ್ನೊಂದು ಭಾಷೆಗೆ ಹೊರಳುವರು. ಮರಳಿ ಹೊಸ್ತಿಲು ತುಳಿದೊಡನೆ ತಮ್ಮದಕ್ಕೆ ಬರುವರು. ಇದನ್ನು ಯಾರೂ ಅವರಿಗೆ ಪಾಠವಾಗಿ ಹೇಳಿಕೊಟ್ಟುದಿಲ್ಲ. ೨೦೧೧ರ ಜನಗಣತಿಯಲ್ಲಿ ಭಾರತೀಯರಲ್ಲಿ ನೂರಕ್ಕೆ ಸುಮಾರು ೨೬ ಮಂದಿ, ತಮ್ಮ ಮಾತೃಭಾಷೆಯಲ್ಲದೆ ಇನ್ನೊಂದು ಭಾಷೆಯನ್ನಾದರೂ ಬಲ್ಲೆವೆಂದು ಹೇಳಿಕೊಂಡರು.

ಇಂತಹ ಮನೆಗಳಿಂದ ಬಂದವರು ಕನ್ನಡಕ್ಕೆ ಎಂತಹ ಸೇವೆ ಸಲ್ಲಿಸಿದರೆಂಬುದು ಎಲ್ಲರಿಗೂ ತಿಳಿದ ವಿಷಯವೇ. ಕನ್ನಡದ ಮಕ್ಕಳಿಗೆ ಹಾಡು ಕಥೆಗಳನ್ನು ಕಟ್ಟಿಕೊಟ್ಟ ಪಂಜೆ ಮಂಗೇಶರಾಯರ (೧೮೭೪–೧೯೩೭) ಮನೆಮಾತು ಕೊಂಕಣಿ. ೧೯೭೩ರಲ್ಲಿ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಬೇಂದ್ರೆಯವರ ಮನೆಮಾತು ಮರಾಠಿ. ೧೯೮೩ರಲ್ಲಿ ಅದೇ ಗೌರವವನ್ನು ಪಡೆದ ಮಾಸ್ತಿಯವರದು ತಮಿಳು. ೧೯೯೮ರಲ್ಲಿ ಪಡೆದ ಗಿರೀಶ ಕಾರ್ನಾಡರದು ಕೊಂಕಣಿ. ಎರಡು ಭಾಷೆಗಳಿದ್ದುದರಿಂದಲೇ ಇವರು ದೊಡ್ಡವರಾದರೆಂದು ಸಾಧಿಸಲು ಬಾರದು. ಆದರೆ ಬಾಲ್ಯದಲ್ಲಿ ಎರಡು ನುಡಿಗಳನ್ನು ಕೇಳಿದವನ ಬುದ್ಧಿಯು ಮಂಕಾಗುವುದೆಂದು ಹೇಳುವವರು ಈ ಹೆಸರುಗಳಿಗೆ ಉತ್ತರ ಕೊಡಬೇಕಾಗುವುದು.

ಹಳೆಯ ಭಯ, ಅದರ ಮೂಲ

ಬುದ್ಧಿ ಮಂಕಾಗುವುದೆಂಬ ಭಯವು ಎಲ್ಲಿಂದ ಬಂದಿತು? ಬ್ರಿಟನ್ನಿನ ಒಂದು ಭಾಗವಾದ ವೇಲ್ಸ್ ದೇಶದಲ್ಲಿ ವೆಲ್ಷ್ ಎಂಬ ಪ್ರಾಚೀನ ಭಾಷೆಯೂ ಇಂಗ್ಲಿಷೂ ಜೊತೆಜೊತೆಯಾಗಿ ನಡೆಯುತ್ತಿವೆ. ಅಲ್ಲಿ ಸೇರ್ ಎಂಬ ಶೋಧಕನು ೭ರಿಂದ ೧೪ ವರ್ಷದೊಳಗಿನ ಸುಮಾರು ೧,೪೦೦ ಮಕ್ಕಳ ಬುದ್ಧಿಯನ್ನು ಅಳೆದು ೧೯೨೩ರಲ್ಲಿ ಫಲವನ್ನು ಪ್ರಕಟಿಸಿದನು. ಹಳ್ಳಿಗಾಡಿನಲ್ಲಿ ಎರಡು ಭಾಷೆಯ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಂತೆ ಕಂಡಿತು. ಇದು ಬಹು ಬೇಗನೆ ಹರಡಿತು. ಮುಂದಿನ ಎಷ್ಟೋ ವರ್ಷಗಳ ಕಾಲ ಉಪಾಧ್ಯಾಯರೂ ವೈದ್ಯರೂ ತಾಯಿತಂದೆಗಳಿಗೆ ‘ಒಂದೇ ಭಾಷೆ ಸಾಕು’ ಎಂದು ಬುದ್ಧಿ ಹೇಳುವುದಕ್ಕೆ ಇಂತಹ ಬರಹಗಳೇ ಆಧಾರವಾದುವು.

ಆದರೆ ಅದೇ ಪರೀಕ್ಷೆಯಲ್ಲಿ ಪಟ್ಟಣದ ಮಕ್ಕಳಲ್ಲಿ ಅಂತಹ ವ್ಯತ್ಯಾಸವು ಕಾಣಲಿಲ್ಲವೆಂಬುದನ್ನು ಅನೇಕರು ಗಮನಿಸಲಿಲ್ಲ. ಭಾಷೆಯು ಎರಡಾದುದರಿಂದಲೇ ಬುದ್ಧಿ ಕುಂದುವುದಾಗಿದ್ದರೆ ಪಟ್ಟಣದಲ್ಲಿಯೂ ಕುಂದಬೇಕಾಗಿತ್ತು. ಹಳ್ಳಿಯ ಮಕ್ಕಳ ಮನೆಯ ಸ್ಥಿತಿ, ಓದುವ ಅನುಕೂಲ, ಹೊರಗಿನ ಭಾಷೆಯ ಪರಿಚಯ ಇವೆಲ್ಲವೂ ಬೇರೆಯಾಗಿದ್ದುವು. ಬಡತನದ ಫಲವನ್ನು ಭಾಷೆಯ ತಲೆಗೆ ಕಟ್ಟಿದಂತಾಯಿತೆಂದು ಆಮೇಲಿನ ವಿದ್ವಾಂಸರು ತೋರಿಸಿಕೊಟ್ಟರು.

ಈ ದೋಷವನ್ನು ತಿದ್ದಿಕೊಂಡು ನಡೆದ ಶೋಧನೆಗಳಲ್ಲಿ ಕೆನಡಾ ದೇಶದ್ದು ಪ್ರಸಿದ್ಧವಾದುದು. ಮಾಂಟ್ರಿಯಲ್ ನಗರದ ಫ್ರೆಂಚ್ ಶಾಲೆಗಳಲ್ಲಿ ಓದುತ್ತಿದ್ದ ಹತ್ತು ವರ್ಷದ ಮಕ್ಕಳನ್ನು ಪೀಲ್ ಮತ್ತು ಲ್ಯಾಂಬರ್ಟ್ ಎಂಬಿಬ್ಬರು ಪರೀಕ್ಷಿಸಿ ೧೯೬೨ರಲ್ಲಿ ವರದಿ ಮಾಡಿದರು. ಈ ಸಲ ಮನೆಗಳ ಅಂತಸ್ತು ಸಮನಾಗಿರುವಂತೆ ಎಚ್ಚರ ವಹಿಸಲಾಗಿತ್ತು. ಫ್ರೆಂಚ್ ಇಂಗ್ಲಿಷುಗಳೆರಡನ್ನೂ ಚೆನ್ನಾಗಿ ಬಲ್ಲ ಮಕ್ಕಳೇ ಬುದ್ಧಿಪರೀಕ್ಷೆಯ ಹಲವು ಭಾಗಗಳಲ್ಲಿ ಮೇಲಾದರು. ಚುರುಕಾದ ಮಕ್ಕಳೇ ಎರಡು ಭಾಷೆಗಳನ್ನು ಚೆನ್ನಾಗಿ ಕಲಿತಿರಬಹುದಲ್ಲವೇ ಎಂಬ ಆಕ್ಷೇಪಣೆಗೆ ಇಲ್ಲಿ ಎಡೆಯುಂಟು. ಆದರೂ ಹಳೆಯ ಭಯಕ್ಕೆ ಅಂದಿನಿಂದ ಬೇರು ಸಡಿಲವಾಯಿತು.

ಹೆಸರು ಬೇರೆ, ವಸ್ತು ಬೇರೆ

ಇವೆಲ್ಲವೂ ಶಾಲೆಯ ಮಕ್ಕಳ ಮಾತಾಯಿತು. ಶಾಲೆಗೆ ಹೋಗುವ ಮುನ್ನ, ತೊಟ್ಟಿಲಿನಿಂದ ಐದಾರು ವರ್ಷದವರೆಗೆ ಏನು ನಡೆಯುವುದೆಂಬುದನ್ನು ಮೊದಲು ಬರೆದಿಟ್ಟವರು ಇಬ್ಬರು ತಂದೆಯರು. ಫ್ರಾನ್ಸಿನ ಜೂಲ್ಸ್ ರೋನ್ಜಾ ಎಂಬ ಭಾಷಾಶಾಸ್ತ್ರಜ್ಞನು, ೧೯೦೮ರಲ್ಲಿ ಹುಟ್ಟಿದ ತನ್ನ ಮಗನೊಡನೆ ತಾನು ಫ್ರೆಂಚನ್ನೂ ಜರ್ಮನ್ನಳಾದ ತನ್ನ ಹೆಂಡತಿಯು ಜರ್ಮನ್ ಭಾಷೆಯನ್ನೂ ಆಡುವ ನಿಯಮವನ್ನಿಟ್ಟುಕೊಂಡು, ಮಗುವಿನ ಮಾತಿನ ಬೆಳವಣಿಗೆಯನ್ನು ೧೯೧೩ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಮಗುವಿಗೆ ಎರಡೂ ಭಾಷೆಗಳು ತೊಡಕಿಲ್ಲದೆ ಬಂದುವು. ಅನಂತರ ಅಮೇರಿಕದಲ್ಲಿ ನೆಲೆಸಿದ ಜರ್ಮನ್ ವಿದ್ವಾಂಸ ವರ್ನರ್ ಲಿಯೋಪೋಲ್ಡನು ೧೯೩೦ರಲ್ಲಿ ಹುಟ್ಟಿದ ತನ್ನ ಮಗಳು ಹಿಲ್ಡಗಾರ್ಡಳ ಮಾತನ್ನು ದಿನದಿನವೂ ಗುರುತುಹಾಕಿಕೊಂಡು ೧೯೩೯ರಿಂದ ೧೯೪೯ರವರೆಗೆ ನಾಲ್ಕು ಸಂಪುಟಗಳನ್ನು ಹೊರತಂದನು. ಆತನು ಮಗಳೊಡನೆ ಜರ್ಮನ್ ಆಡುತ್ತಿದ್ದನು, ತಾಯಿಯು ಇಂಗ್ಲಿಷನ್ನಾಡುತ್ತಿದ್ದಳು.

ಲಿಯೋಪೋಲ್ಡನು ಕಂಡ ಒಂದು ಸಂಗತಿಯು ಬಹು ಸ್ವಾರಸ್ಯವಾದುದು. ಚಿಕ್ಕ ಮಕ್ಕಳು ಕೇಳಿದ ಕಥೆಯನ್ನೇ ಮತ್ತೆ ಮತ್ತೆ ಕೇಳುವರು. ಹೇಳುವವರು ಒಂದು ಪದವನ್ನು ಬದಲಾಯಿಸಿದರೂ ‘ಹಾಗಲ್ಲ’ ಎಂದು ಹಟ ಹಿಡಿಯುವರು. ಹಿಲ್ಡಗಾರ್ಡಳಿಗೆ ಈ ಹಟವಿರಲಿಲ್ಲ. ಅರ್ಥವು ನಿಂತರೆ ಸಾಕು, ಅವಳು ಪದಗಳನ್ನು ತಾನೇ ಬದಲಾಯಿಸಿ ಹೇಳುತ್ತಿದ್ದಳು. ಒಂದೇ ವಸ್ತುವಿಗೆ ತಂದೆಯಿಂದ ಒಂದು ಹೆಸರು, ತಾಯಿಯಿಂದ ಇನ್ನೊಂದು ಹೆಸರು ಕೇಳಿ ಬೆಳೆದುದರಿಂದ, ಹೆಸರು ಬೇರೆ, ವಸ್ತು ಬೇರೆ ಎಂಬ ತಿಳಿವಳಿಕೆಯು ಅವಳಿಗೆ ಬೇಗನೆ ಮೂಡಿತೆಂದು ತಂದೆಯು ಊಹಿಸಿದನು.

ಇದರಲ್ಲೇನು ದೊಡ್ಡದೆಂದು ವಾಚಕರು ಕೇಳಬಹುದು. ದೊಡ್ಡವರಿಗೆ ಇದು ಸಹಜವಾಗಿ ತೋರಿದರೂ ಎಳೆಯ ಮಕ್ಕಳಿಗೆ ಹಾಗಲ್ಲ. ಅವರ ಎಣಿಕೆಯಲ್ಲಿ ಹೆಸರು ವಸ್ತುವಿನ ಒಂದು ಅಂಗವೇ ಆಗಿರುವುದು. ರಷ್ಯದ ವೈಗಾಟ್ಸ್ಕಿಯು ೧೯೩೪ರ ತನ್ನ ಗ್ರಂಥದಲ್ಲಿ ಒಂದು ಆಟವನ್ನು ವರ್ಣಿಸಿರುವನು: ನಾಯಿಗೆ ‘ಹಸು’ ಎಂದು ಹೆಸರಿಡೋಣವೆಂದು ಮಕ್ಕಳಿಗೆ ಹೇಳಿ, ಈಗ ಅದಕ್ಕೆ ಕೊಂಬುಂಟೇ ಎಂದು ಕೇಳಿದರೆ ಉಂಟೆನ್ನುವರು! ಹಸುವೆಂದು ಹೆಸರು ಬಂದ ಮೇಲೆ ಕೊಂಬು ಬರದಿದ್ದೀತೇ? ಸ್ವಿಟ್ಜರ್ಲೆಂಡಿನ ಪಿಯಾಜೆಯು ಸೂರ್ಯಚಂದ್ರರ ಹೆಸರುಗಳನ್ನು ಅದಲುಬದಲು ಮಾಡಿ ಇಂತಹುದೇ ಪ್ರಶ್ನೆಗಳನ್ನು ಕೇಳುತ್ತಿದ್ದನು.

ನಮ್ಮ ಕರಾವಳಿಯಲ್ಲಿ ಈ ಪ್ರಯೋಗವನ್ನು ಯಾವ ವಿದ್ವಾಂಸನೂ ಏರ್ಪಡಿಸಬೇಕಾಗಿಲ್ಲ, ಭಾಷೆಗಳೇ ಏರ್ಪಡಿಸಿವೆ. ಕನ್ನಡದಲ್ಲಿ ಅಪ್ಪನೆಂದರೆ ತಂದೆ, ಅಮ್ಮನೆಂದರೆ ತಾಯಿ. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ! ತುಳುವಿನ ಮನೆಯಲ್ಲಿ ಹುಟ್ಟಿ ಕನ್ನಡದ ಅಂಗನವಾಡಿಗೆ ಹೋಗುವ ಮಗುವು ಇದರಿಂದ ದಿಕ್ಕುಗೆಡುವುದಿಲ್ಲ. ಹೆಚ್ಚುಕಡಿಮೆ ಒಂದೇ ಆಗಿರುವ ಸದ್ದು ಇಲ್ಲಿ ಒಬ್ಬರನ್ನೂ ಅಲ್ಲಿ ಇನ್ನೊಬ್ಬರನ್ನೂ ಸೂಚಿಸುವುದೆಂದು ಅದು ಅರಿತುಕೊಳ್ಳುವುದು. ಅಂದರೆ ಹೆಸರು ಜನರು ಒಪ್ಪಿಕೊಂಡ ಒಂದು ಗುರುತು ಮಾತ್ರವೆಂಬುದನ್ನು, ಬಾಯಲ್ಲಿ ಹೇಳಲಾರದಿದ್ದರೂ, ಬಳಕೆಯಿಂದ ತಿಳಿಯುವುದು. ಕೋಲಾರದ ತೆಲುಗು ಮನೆಯ ಮಗುವಿನ ಅನುಭವವೂ ಹೀಗೆಯೇ. ಕನ್ನಡದಲ್ಲಿ ‘ನಾವು’ ಎಂಬುದೊಂದೇ ಮಾತು. ತೆಲುಗಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡರೆ ‘ಮನಮು’, ಅವನನ್ನು ಬಿಟ್ಟರೆ ‘ಮೇಮು’. ‘ನಾವು ಜಾತ್ರೆಗೆ ಹೋಗುವೆವು’ ಎಂದಾಗ ಕೇಳುವವನೂ ಬರುವನೋ ಇಲ್ಲವೋ ಎಂಬುದನ್ನು ತೆಲುಗು ಆಡುವ ಮಗುವು ಮಾತಿಗೆ ಮುಂಚೆಯೇ ನಿಶ್ಚಯಿಸಿಕೊಳ್ಳಬೇಕು. ಇಂತಹ ಸಣ್ಣ ಸಣ್ಣ ವಿವೇಚನೆಗಳೇ ಯೋಚನೆಯ ಮೊದಲ ಮೆಟ್ಟಿಲುಗಳು.

೧೯೭೨ರಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ಒಂದು ವರದಿಯು ಲಿಯೋಪೋಲ್ಡನ ಊಹೆಗೆ ಪುಷ್ಟಿ ಕೊಟ್ಟಿತು. ಮನೆಯಲ್ಲಿ ಆಫ್ರಿಕಾನ್ಸ್ ಮತ್ತು ಇಂಗ್ಲಿಷ್ ಎರಡನ್ನೂ ಕೇಳಿ ಬೆಳೆದ ಮಕ್ಕಳಿಗೆ ಮೂರು ಪದಗಳನ್ನು ಹೇಳಿ, ಮೊದಲನೆಯದಕ್ಕೆ ಯಾವುದು ಹೋಲುವುದೆಂದು ಕೇಳಲಾಯಿತು. ಕನ್ನಡಕ್ಕೆ ಒಪ್ಪುವಂತೆ ಹೇಳುವುದಾದರೆ, ‘ಮರ’ ಎಂಬುದಕ್ಕೆ ‘ಬರ’ ಹತ್ತಿರವೋ ‘ಗಿಡ’ ಹತ್ತಿರವೋ ಎಂದು ಕೇಳಿದಂತೆ. ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಒಂದೇ ಭಾಷೆಯವರು ಸದ್ದಿನ ಹೋಲಿಕೆಯ ಕಡೆಗೆ ಹೆಚ್ಚಾಗಿ ಒಲಿದರೆ, ಎರಡು ಭಾಷೆಯವರು ಅರ್ಥದ ಹೋಲಿಕೆಯನ್ನು ಹೆಚ್ಚಾಗಿ ಹಿಡಿದರು. ವಾಚಕರು ತಮ್ಮ ಮನೆಯ ಮಕ್ಕಳೊಡನೆ ಇದನ್ನು ಆಟವಾಗಿ ಆಡಿ ನೋಡಬಹುದು; ಆದರೆ ಉತ್ತರದಿಂದ ಮಗುವಿನ ಬುದ್ಧಿಗೆ ಬೆಲೆ ಕಟ್ಟಬಾರದು.

ಹಿಗ್ಗಿಸಿ ಹೇಳಬಾರದ ಮಾತು

ಈಚಿನ ದಿನಗಳಲ್ಲಿ ಭಯವು ಹೋಗಿ, ಅದರ ಸ್ಥಾನದಲ್ಲಿ ಅತಿಯಾದ ಆಶೆಯು ಬಂದು ನಿಂತಿದೆ. ಎರಡು ಭಾಷೆ ಕಲಿತ ಮಗುವಿನ ಮೆದುಳು ಎಲ್ಲ ಕೆಲಸಗಳಲ್ಲಿಯೂ ಚುರುಕಾಗುವುದೆಂದು ಜಾಹೀರಾತುಗಳು ಸಾರುತ್ತಿವೆ. ಇದರ ಮೂಲವನ್ನೂ ತಿಳಿಯುವುದು ಒಳ್ಳೆಯದು. ಬಣ್ಣವೂ ಆಕಾರವೂ ಬೇರೆ ಬೇರೆಯಾಗಿರುವ ಕೆಲವು ಚೀಟಿಗಳನ್ನು ಮಗುವಿಗೆ ಕೊಟ್ಟು, ಮೊದಲು ಬಣ್ಣದಂತೆ ವಿಂಗಡಿಸೆಂದು ಹೇಳಿ, ಆಮೇಲೆ ಇದ್ದಕ್ಕಿದ್ದಂತೆ ಆಕಾರದಂತೆ ವಿಂಗಡಿಸೆಂದು ಹೇಳುವ ಒಂದು ಪರೀಕ್ಷೆಯುಂಟು. ಮೂರು ವರ್ಷದ ಮಕ್ಕಳು ಹೊಸ ನಿಯಮವನ್ನು ಕೇಳಿಯೂ ಹಳೆಯದನ್ನೇ ಹಿಡಿದು ನಡೆಯುವರು. ಕೆನಡಾದ ಎಲೆನ್ ಬಿಯಾಲಿಸ್ಟಾಕ್ ಎಂಬ ವಿದುಷಿಯು ೧೯೯೯ರಲ್ಲಿ, ಚೀನೀ ಮತ್ತು ಇಂಗ್ಲಿಷ್ ಭಾಷೆಗಳೆರಡನ್ನೂ ಆಡುವ ಎಳೆಯ ಮಕ್ಕಳು ಈ ತಿರುವನ್ನು ಇತರರಿಗಿಂತ ಚೆನ್ನಾಗಿ ನಿಭಾಯಿಸಿದರೆಂದು ವರದಿ ಮಾಡಿದಳು. ಯಾರೊಡನೆ ಯಾವ ಭಾಷೆಯೆಂದು ದಿನವಿಡೀ ಒಂದನ್ನು ತಡೆದು ಇನ್ನೊಂದನ್ನು ಬಳಸುವ ಅಭ್ಯಾಸವು ಮನಸ್ಸಿಗೆ ಈ ಹಿಡಿತವನ್ನು ಕೊಡುವುದೆಂಬುದು ಅವಳ ವಾದ.

ಆದರೆ ಇದು ಎಲ್ಲ ಕಡೆಯೂ ಕಂಡುಬರಲಿಲ್ಲ. ಅಮೇರಿಕದಲ್ಲಿ ೯–೧೦ ವರ್ಷದ ೪,೫೦೦ಕ್ಕೂ ಹೆಚ್ಚು ಮಕ್ಕಳನ್ನು ಕುರಿತು ೨೦೧೯ರಲ್ಲಿ ಪ್ರಕಟವಾದ ವಿಸ್ತಾರವಾದ ಶೋಧನೆಯಲ್ಲಿ, ಮನಸ್ಸಿನ ಹಿಡಿತದ ವಿಷಯದಲ್ಲಿ ಎರಡು ಭಾಷೆಯ ಮಕ್ಕಳಿಗೆ ಯಾವ ಮೇಲ್ಮೆಯೂ ಕಾಣಲಿಲ್ಲ. ವಿದ್ವಾಂಸರಲ್ಲಿ ವಾದವು ಇನ್ನೂ ನಡೆಯುತ್ತಲೇ ಇದೆ. ಗೃಹಸ್ಥರು ಇದರಿಂದ ಗ್ರಹಿಸಬೇಕಾದುದಿಷ್ಟು: ಎರಡು ಭಾಷೆಯು ಬುದ್ಧಿಗೆ ಹಾನಿಯಲ್ಲ, ಭಾಷೆಯ ಮರ್ಮವನ್ನು ತಿಳಿಯುವುದರಲ್ಲಿ ಅದು ಮಗುವಿಗೆ ಸಹಾಯಕ, ಬುದ್ಧಿಯನ್ನೆಲ್ಲ ಬೆಳಗಿಸುವ ಮಂತ್ರವೆಂದು ಮಾತ್ರ ಅದನ್ನು ನಂಬಬಾರದು. ಎರಡು ಭಾಷೆ ಬಂದರೆ ಎರಡು ಜನಸಮುದಾಯಗಳೊಡನೆ ಬಾಳಬಹುದೆಂಬುದೇ ಸಾಕಾದಷ್ಟು ದೊಡ್ಡ ಲಾಭ.

ಒಡಿಶಾದ ಬೆಟ್ಟಗಳಲ್ಲಿ

ಪರದೇಶಗಳ ಫಲಗಳು ನಮಗೆ ಹೊಂದುವುವೇ ಎಂಬ ಸಂದೇಹವು ಬರುವುದು ಸಹಜ. ಅದಕ್ಕೆ ನಮ್ಮ ದೇಶದಲ್ಲಿಯೇ ಉತ್ತರವುಂಟು. ಒಡಿಶಾದ ಫೂಲ್‌ಬಾನಿಯ ಬೆಟ್ಟಸೀಮೆಯಲ್ಲಿ ಕಂಧರೆಂಬ ಜನರಿರುವರು. ಅವರಲ್ಲಿ ಕೆಲವು ಕಡೆಯವರು ತಮ್ಮ ಕುಯಿ ಭಾಷೆಯನ್ನು ಉಳಿಸಿಕೊಂಡು ಒಡಿಯಾವನ್ನೂ ಆಡುವರು. ಇನ್ನು ಕೆಲವು ಕಡೆಯವರು ಕುಯಿಯನ್ನು ಬಿಟ್ಟು ಒಡಿಯಾ ಒಂದನ್ನೇ ಆಡುವರು. ಆಚಾರ, ಕಸುಬು, ಸ್ಥಿತಿಗತಿಗಳಲ್ಲಿ ಇವರಿಗೆ ಹೆಚ್ಚು ಭೇದವಿಲ್ಲದ ಕಾರಣ ಭಾಷೆಯ ಪ್ರಭಾವವನ್ನು ನ್ಯಾಯವಾಗಿ ಅಳೆಯುವುದಕ್ಕೆ ಇದೊಂದು ಅಪೂರ್ವವಾದ ಅವಕಾಶವಾಗಿತ್ತು. ಮನಶ್ಶಾಸ್ತ್ರಜ್ಞರಾದ ಅಜಿತ ಮೊಹಾಂತಿಯವರು ಅನೇಕ ವರ್ಷಗಳ ಕಾಲ ಈ ಮಕ್ಕಳನ್ನು ಪರೀಕ್ಷಿಸಿ, ಕುಯಿ ಮತ್ತು ಒಡಿಯಾ ಎರಡನ್ನೂ ಬಲ್ಲ ಮಕ್ಕಳು ಭಾಷೆಯನ್ನು ಕುರಿತ ವಿವೇಚನೆಯಲ್ಲಿಯೂ ಬುದ್ಧಿಯ ಇತರ ಕೆಲಸಗಳಲ್ಲಿಯೂ ಮುಂದಿರುವುದನ್ನು ಕಂಡರು. ೧೯೬೯ರಲ್ಲಿ ಸ್ಥಾಪಿತವಾದ ನಮ್ಮ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವೇ ಅವರ ಗ್ರಂಥವನ್ನು ೧೯೯೪ರಲ್ಲಿ ಪ್ರಕಟಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಆ ಮಕ್ಕಳ ಎರಡು ಭಾಷೆಗಳಲ್ಲಿ ಯಾವುದೂ ಇಂಗ್ಲಿಷಲ್ಲ. ಒಂದು ಬೆಟ್ಟದ ಜನರ ಮಾತು; ಇನ್ನೊಂದು ಸೀಮೆಯ ಮಾತು. ಪಕ್ಕದ ಮನೆಯ ನುಡಿಯೂ ಅಜ್ಜಿಯ ನುಡಿಯೂ ಬುದ್ಧಿಗೆ ವ್ಯಾಯಾಮವಾಗಬಲ್ಲುವು. ಮನೆಮಾತನ್ನು ತೊರೆದವರ ಮಕ್ಕಳಿಗೆ ಆ ತ್ಯಾಗದಿಂದ ಬುದ್ಧಿಯಲ್ಲಿ ಯಾವ ಹೆಚ್ಚಳವೂ ಬರಲಿಲ್ಲ.

ಕೂಡುವ ಲೆಕ್ಕ, ಕಳೆಯುವ ಲೆಕ್ಕ

ಎರಡನೆಯ ಭಾಷೆಯು ಒಂದೆಡೆ ಲಾಭವಾಗಿಯೂ ಇನ್ನೊಂದೆಡೆ ನಷ್ಟವಾಗಿಯೂ ಪರಿಣಮಿಸುವುದೇಕೆ? ಮೇಲೆ ಹೇಳಿದ ಲ್ಯಾಂಬರ್ಟನೇ ಇದಕ್ಕೊಂದು ಸರಳವಾದ ವಿವರಣೆಯನ್ನಿತ್ತನು. ಮೊದಲಿನ ಭಾಷೆಯು ಭದ್ರವಾಗಿದ್ದು, ಅದರ ಮೇಲೆ ಎರಡನೆಯದು ಬಂದರೆ ಅದು ಕೂಡುವ ಲೆಕ್ಕ. ಎರಡನೆಯದು ಬಂದು ಮೊದಲಿನದನ್ನು ನೂಕಿಬಿಟ್ಟರೆ ಅದು ಕಳೆಯುವ ಲೆಕ್ಕ.

ಕೂಡುವ ಲೆಕ್ಕಕ್ಕೆ ಪ್ರಸಿದ್ಧವಾದ ಉದಾಹರಣೆಯು ಮಾಂಟ್ರಿಯಲ್ಲಿನ ಪಕ್ಕದ ಸೇಂಟ್ ಲ್ಯಾಂಬರ್ಟ್ ಊರಿನದು. ೧೯೬೫ರಲ್ಲಿ ಅಲ್ಲಿಯ ಇಂಗ್ಲಿಷ್ ಮನೆಗಳ ತಾಯಿತಂದೆಗಳು ಒತ್ತಾಯಪಡಿಸಿ, ತಮ್ಮ ಎಳೆಯ ಮಕ್ಕಳಿಗೆ ಪೂರ್ತಿಯಾಗಿ ಫ್ರೆಂಚಿನಲ್ಲಿಯೇ ನಡೆಯುವ ಶಿಶುವರ್ಗವನ್ನು ಏರ್ಪಡಿಸಿಕೊಂಡರು. ಮಕ್ಕಳು ಫ್ರೆಂಚನ್ನು ಕಲಿತರು. ಇಂಗ್ಲಿಷಿಗೂ ಕುಂದು ಬರಲಿಲ್ಲ. ಅದೇಕೆಂದರೆ ಮನೆಯಲ್ಲಿ, ಬೀದಿಯಲ್ಲಿ, ಪುಸ್ತಕದಲ್ಲಿ ಇಂಗ್ಲಿಷು ಯಥೇಚ್ಛವಾಗಿತ್ತು. ಮುಂದೆ ಶಾಲೆಯಲ್ಲಿಯೂ ಅದನ್ನು ಕಲಿಸಲಾಯಿತು. ಅದನ್ನು ಬಿಡಬೇಕೆಂದು ಯಾರೂ ಅವರಿಗೆ ಹೇಳಲಿಲ್ಲ. ನಮ್ಮ ಊರುಗಳಲ್ಲಿ ‘ಎಲ್ಲವೂ ಇಂಗ್ಲಿಷಿನಲ್ಲಿ’ ಎಂದು ಹಲಗೆ ತಗಲಿಸುವವರು ಈ ಉದಾಹರಣೆಯನ್ನೆತ್ತಿ ಹೇಳುವುದಾದರೆ, ಅದರ ಹಿಂದಿದ್ದ ಈ ಸೌಕರ್ಯಗಳನ್ನೂ ಹೇಳಬೇಕು.

ಕಳೆಯುವ ಲೆಕ್ಕವನ್ನು ಅಮೇರಿಕದ ಲಿಲಿ ವಾಂಗ್ ಫಿಲ್ಮೋರ್ ಎಂಬ ವಿದುಷಿಯು ೧೯೯೧ರಲ್ಲಿ ವಿವರಿಸಿದಳು. ಪರದೇಶಗಳಿಂದ ಬಂದು ಅಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು ಎಳೆತನದಲ್ಲಿಯೇ ಇಂಗ್ಲಿಷಿನ ಶಿಶುಶಾಲೆಗಳಿಗೆ ಹೋಗಿ, ಮನೆಯ ಭಾಷೆಯು ಬೇರೂರುವ ಮೊದಲೇ ಅದನ್ನು ಆಡುವುದನ್ನು ಬಿಟ್ಟರು. ತಾಯಿತಂದೆಗಳಿಗೆ ಇಂಗ್ಲಿಷು ಚೆನ್ನಾಗಿ ಬಾರದು; ಮಕ್ಕಳಿಗೆ ಮನೆಯ ಮಾತು ಬಾರದು. ಮಕ್ಕಳು ದೊಡ್ಡವರಾದಂತೆ ಬುದ್ಧಿವಾದ ಹೇಳಲು, ಕಷ್ಟಸುಖ ವಿಚಾರಿಸಲು, ಹಿರಿಯರ ಅನುಭವವನ್ನು ತಿಳಿಸಲು ನಡುವೆ ಭಾಷೆಯೇ ಉಳಿಯಲಿಲ್ಲ. ಒಂದೇ ಸೂರಿನ ಕೆಳಗೆ ಉಂಡು ಮಲಗುವವರು ಒಬ್ಬರಿಗೊಬ್ಬರು ಪರಕೀಯರಾದರು. ಕಡಲಾಚೆ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಇದು ಎಚ್ಚರಿಕೆಯ ಮಾತು.

ಕಡಲು ದಾಟದವರಿಗೂ ಇದು ಅನ್ವಯಿಸುವುದು. ನಮ್ಮ ಪಟ್ಟಣಗಳಲ್ಲಿ ಕನ್ನಡವನ್ನೋ ತುಳುವನ್ನೋ ನಿರರ್ಗಳವಾಗಿ ಆಡಬಲ್ಲ ತಾಯಿಯು ಮೂರು ವರ್ಷದ ಮಗುವಿನೊಡನೆ ತನಗೆ ಅರ್ಧಂಬರ್ಧ ಬರುವ ಇಂಗ್ಲಿಷನ್ನಾಡುವುದುಂಟು. ‘ಕಮ್’, ‘ಸಿಟ್’, ‘ಈಟ್’, ‘ಡೋಂಟ್ ಟಚ್’ ಎಂಬ ಹತ್ತಿಪ್ಪತ್ತು ಮಾತುಗಳಲ್ಲಿ ದಿನವು ಮುಗಿಯುವುದು. ಇವೆಲ್ಲವೂ ಅಪ್ಪಣೆಯ ಮಾತುಗಳು. ಮಳೆ ಏಕೆ ಬರುವುದು, ಇರುವೆ ಸಾಲಾಗಿ ಏಕೆ ಹೋಗುವುದು, ನಿನ್ನೆ ಅಳುತ್ತಿದ್ದ ಪಕ್ಕದ ಮನೆಯ ಹುಡುಗನಿಗೆ ಏನಾಗಿದ್ದೀತು ಎಂಬಿವನ್ನು ಆ ಹತ್ತು ಮಾತುಗಳಲ್ಲಿ ಹೇಳಲಾಗದು. ಮಗುವು ಯೋಚಿಸಲು ಕಲಿಯುವುದು ‘ಏಕೆ’, ‘ಹೇಗೆ’, ‘ಹಾಗಾದರೆ’, ‘ಒಂದು ವೇಳೆ’ ಎಂಬ ಮಾತುಗಳಿಂದ. ತಾಯಿಯು ತನಗೆ ಬಾರದ ಭಾಷೆಯನ್ನು ಹಿಡಿದು ಈ ಮಾತುಗಳನ್ನು ಮನೆಯಿಂದ ಹೊರಗೆ ಕಳುಹಿಸಿದರೆ ಮಗುವಿಗೆ ಇಂಗ್ಲಿಷೂ ಸರಿಯಾಗಿ ಬರುವುದಿಲ್ಲ, ಯೋಚನೆಯೂ ಬೆಳೆಯುವುದಿಲ್ಲ.

ಒಂದು ಭಾಷೆಯಲ್ಲಿ ಕಲಿತ ತಿಳಿವಳಿಕೆಯು ಇನ್ನೊಂದಕ್ಕೆ ದಾಟಿಬರುವುದೆಂಬುದು ಇಲ್ಲಿ ನೆನಪಿಡಬೇಕಾದ ತತ್ತ್ವ. ರೊಟ್ಟಿಯನ್ನು ಮುರಿದು ಅರ್ಧ, ಕಾಲು, ಮುಕ್ಕಾಲು ಎಂದು ತೋರಿಸಿ ಕಲಿಸಿದ ಮಗುವು ಶಾಲೆಯಲ್ಲಿ ಇಂಗ್ಲಿಷಿನ ಹೆಸರುಗಳನ್ನಷ್ಟೇ ಹೊಸದಾಗಿ ಕಲಿತರೆ ಸಾಕು. ಕಾಲೆಂದರೇನು ಎಂಬುದು ಅದಕ್ಕೆ ಮೊದಲೇ ಗೊತ್ತು. ಏನೂ ತಿಳಿಯದೆ ಹೋದ ಮಗುವು ಹೆಸರನ್ನೂ ಅರ್ಥವನ್ನೂ ಒಟ್ಟಿಗೆ, ಅದೂ ಅರಿಯದ ಭಾಷೆಯಲ್ಲಿ, ಕಲಿಯಬೇಕಾಗುವುದು. ಮನೆಮಾತನ್ನು ಬಲಪಡಿಸುವುದೆಂದರೆ ಇಂಗ್ಲಿಷಿಗೆ ಅಡಿಗಲ್ಲು ಹಾಕಿದಂತೆಯೇ.

ಮನೆಯಲ್ಲಿ ಅನುಸರಿಸತಕ್ಕ ಕೆಲವು ಮಾತುಗಳು

ಮೊದಲನೆಯದು: ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿಯೇ ಮಗುವಿನೊಡನೆ ಮಾತನಾಡಿರಿ. ತಾಯಿತಂದೆಗಳ ಭಾಷೆಗಳು ಬೇರೆಯಾಗಿದ್ದರೆ ರೋನ್ಜಾನಂತೆ ಒಬ್ಬೊಬ್ಬರು ಒಂದೊಂದನ್ನು ಹಿಡಿಯಬಹುದು. ಆದರೆ ಇದನ್ನು ವ್ರತದಂತೆ ಪಾಲಿಸಬೇಕಾದ ಅಗತ್ಯವಿಲ್ಲ. ನಮ್ಮ ಕೂಡುಕುಟುಂಬಗಳಲ್ಲಿ ಇಂತಹ ನಿಯಮವಿಲ್ಲದೆಯೇ ತಲೆಮಾರುಗಳಿಂದ ಮಕ್ಕಳು ಎರಡು ಮೂರು ಭಾಷೆಗಳನ್ನು ಕಲಿಯುತ್ತ ಬಂದಿರುವರು. ಪ್ರತಿಯೊಂದು ಭಾಷೆಯೂ ದಿನವೂ ಸಾಕಷ್ಟು ಕಿವಿಗೆ ಬೀಳುತ್ತಿರಬೇಕು ಎಂಬುದಿಷ್ಟೇ ಮುಖ್ಯ.

ಎರಡನೆಯದು: ಮಗುವು ‘ಅಮ್ಮಾ, ಮಿಲ್ಕು ಬೇಕು’ ಎಂದು ಕಲಸಿ ಆಡಿದರೆ ಗದರಿಸಬೇಡಿರಿ, ನಗಬೇಡಿರಿ. ಆ ಕ್ಷಣದಲ್ಲಿ ಕೈಗೆ ಸಿಕ್ಕ ಪದವನ್ನು ಅದು ಬಳಸಿದೆ. ದೊಡ್ಡವರೂ ದಿನವೂ ಹಾಗೆಯೇ ಆಡುವರಲ್ಲವೇ! ‘ಹಾಲು ಬೇಕೇ ಕಂದಾ? ಬಿಸಿ ಹಾಲೋ, ತಣ್ಣನೆಯದೋ?’ ಎಂದು ಸರಿಯಾದ ಮಾತನ್ನು ಸಹಜವಾಗಿ ಉತ್ತರದಲ್ಲಿ ಸೇರಿಸಿದರೆ ಮಗುವು ತಾನೇ ತಿದ್ದಿಕೊಳ್ಳುವುದು. ೨೦೧೦ರಲ್ಲಿ ಕೆನಡಾದ ವಿದ್ವಾಂಸರು, ಬಸಿರಿನಲ್ಲಿದ್ದಾಗ ತಾಯಿಯು ಎರಡು ಭಾಷೆಗಳನ್ನಾಡುತ್ತಿದ್ದ ಹಸುಗೂಸುಗಳು ಆ ಎರಡನ್ನೂ ಬೇರೆ ಬೇರೆಯೆಂದು ಗುರುತಿಸಬಲ್ಲುವೆಂದು ತೋರಿಸಿರುವರು. ಕಲಸಿ ಆಡುವ ಮಗುವಿಗೆ ಭೇದವೇ ತಿಳಿಯದೆಂದು ಎಣಿಸುವುದು ತಪ್ಪು.

ಮೂರನೆಯದು: ಹೊಸ ಭಾಷೆಯ ಶಿಶುಶಾಲೆಗೆ ಹೋದ ಮಗುವು ಕೆಲವು ವಾರ, ಕೆಲವು ವೇಳೆ ಕೆಲವು ತಿಂಗಳು, ಅಲ್ಲಿ ಬಾಯಿ ಬಿಡದಿರಬಹುದು. ಆ ಮೌನದಲ್ಲಿ ಅದು ಕೇಳುತ್ತಿದೆ, ಕೂಡಿಡುತ್ತಿದೆ. ‘ಮನೆಯ ಮಾತನ್ನು ನಿಲ್ಲಿಸಿದರೆ ಬೇಗ ಕಲಿತೀತು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಹೊರಗೆ ಮಾತಿಲ್ಲದ ಮಗುವಿಗೆ ಮನೆಯಲ್ಲಿಯೂ ಮಾತಿಲ್ಲದಂತೆ ಮಾಡುವುದು ನಿರ್ದಯೆ.

ನಾಲ್ಕನೆಯದು: ಪಕ್ಕದ ಮನೆಯ ಮಗುವಿನ ಮಾತುಗಳನ್ನೆಣಿಸಿ ನಿಮ್ಮ ಮಗುವಿನ ಒಂದು ಭಾಷೆಯ ಮಾತುಗಳೊಡನೆ ಹೋಲಿಸಬೇಡಿರಿ. ಎರಡು ಭಾಷೆಯ ಮಗುವಿನ ಶಬ್ದಭಂಡಾರವು ಎರಡು ಪೆಟ್ಟಿಗೆಗಳಲ್ಲಿರುವುದು. ಎರಡನ್ನೂ ಕೂಡಿಸಿ ಎಣಿಸಬೇಕು. ಆದರೆ ಎರಡು ವರ್ಷ ತುಂಬಿದರೂ ಯಾವ ಭಾಷೆಯಲ್ಲಿಯೂ ಎರಡು ಪದಗಳನ್ನು ಕೂಡಿಸದ ಮಗುವನ್ನು, ಕರೆದರೆ ತಿರುಗಿ ನೋಡದ ಮಗುವನ್ನು ವೈದ್ಯರಿಗೆ ತೋರಿಸಿ ಕಿವಿಯನ್ನು ಪರೀಕ್ಷಿಸಬೇಕು. ‘ಎರಡು ಭಾಷೆಯಿಂದ ಮಾತು ತಡವಾಯಿತು’ ಎಂದು ಸಮಾಧಾನಪಟ್ಟುಕೊಂಡು ಕುಳಿತರೆ ಅಮೂಲ್ಯವಾದ ಕಾಲವು ಕಳೆದುಹೋಗುವುದು.

ಐದನೆಯದು: ಭಾಷೆಯು ಬಳಕೆಯಿಂದ ಏರುವುದು, ಬಳಕೆಯಿಲ್ಲದೆ ಇಳಿಯುವುದು. ಐದನೆಯ ವಯಸ್ಸಿನಲ್ಲಿ ಹಿಲ್ಡಗಾರ್ಡಳು ಕೆಲವು ತಿಂಗಳು ಜರ್ಮನಿಯಲ್ಲಿದ್ದಾಗ ಜರ್ಮನ್ ಮಾತು ಸರಾಗವಾಗಿ, ಇಂಗ್ಲಿಷು ನಾಲಗೆಗೆ ತೊಡಕಾಯಿತು; ಅಮೇರಿಕಕ್ಕೆ ಮರಳಿದ ಮೇಲೆ ಸ್ವಲ್ಪ ಕಾಲದಲ್ಲಿಯೇ ಇಂಗ್ಲಿಷು ಮತ್ತೆ ಮೇಲಾಯಿತು. ಆದುದರಿಂದ ಮಗುವು ಒಂದು ಭಾಷೆಯನ್ನು ಮರೆಯುತ್ತಿರುವಂತೆ ಕಂಡರೆ ನಿರಾಶರಾಗದೆ ಅದನ್ನಾಡುವವರ ನಡುವೆ ಬಿಡಬೇಕು. ರಜೆಯಲ್ಲಿ ಅಜ್ಜಿಯ ಮನೆಯ ಒಂದು ತಿಂಗಳು ಎಷ್ಟೋ ಪುಸ್ತಕಗಳಿಗೆ ಸಮಾನ.

ಕಡೆಯದಾಗಿ: ಕಥೆ ಹೇಳಿರಿ. ಕಥೆ ಹೇಳುತ್ತ ನಡುವೆ ನಿಲ್ಲಿಸಿ ‘ಮುಂದೇನಾದೀತು?’ ಎಂದು ಕೇಳಿರಿ. ಮಗುವು ಹೇಳಿದುದಕ್ಕೆ ‘ಏಕೆ?’ ಎನ್ನಿರಿ. ತರಕಾರಿ ಹೆಚ್ಚುವಾಗ ಎಣಿಸಿರಿ, ಬಟ್ಟೆ ಮಡಿಸುವಾಗ ದೊಡ್ಡದು ಚಿಕ್ಕದನ್ನು ವಿಂಗಡಿಸಿರಿ, ಒಂದೇ ವಸ್ತುವಿಗೆ ನಿಮ್ಮಲ್ಲೇನು ಹೆಸರು, ಪಕ್ಕದವರಲ್ಲೇನು ಹೆಸರು ಎಂದು ಆಟವಾಡಿಸಿರಿ. ಇದಕ್ಕೆ ಹಣವೂ ಬೇಡ, ಯಂತ್ರವೂ ಬೇಡ.

ಆಯ್ಕೆಯು ನಮ್ಮ ಕೈಯಲ್ಲಿ

ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರವು ಬಲಾತ್ಕಾರವಾಗಿ ವಿಧಿಸಲಾಗದೆಂದು ಕರ್ನಾಟಕದ ಮೊಕದ್ದಮೆಯೊಂದರಲ್ಲಿ ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಸಾಧ್ಯವಿದ್ದೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತೇ ಮಾಧ್ಯಮವಾಗಿರಬೇಕೆಂದು ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿತು. ಶಾಲೆಯ ಭಾಷೆಯನ್ನು ಕುರಿತ ವಾದವು ಹೇಗಾದರೂ ಸಾಗಲಿ. ಮನೆಯ ಭಾಷೆಯನ್ನು ಯಾವ ಸರ್ಕಾರವೂ ಯಾವ ನ್ಯಾಯಾಲಯವೂ ಗೊತ್ತುಮಾಡಲಾರದು. ಅದನ್ನು ಗೊತ್ತುಮಾಡುವವರು ತೊಟ್ಟಿಲು ತೂಗುವವರು.

ಮಗುವಿಗೆ ಇಂಗ್ಲಿಷು ಬೇಕು. ಈ ಕಾಲದಲ್ಲಿ ಬೇಡವೆನ್ನುವುದು ವಿವೇಕವಲ್ಲ. ಕನ್ನಡ ನಾಡಿನಲ್ಲಿ ಬಾಳುವ ಮಗುವಿಗೆ, ಅದರ ಮನೆಮಾತು ಯಾವುದೇ ಆಗಿರಲಿ, ಕನ್ನಡವೂ ಬೇಕು. ಎಳೆಯ ಮನಸ್ಸಿನಲ್ಲಿ ಇವೆಲ್ಲಕ್ಕೂ ಸ್ಥಳವುಂಟು. ಒಂದನ್ನು ಇಡುವುದಕ್ಕಾಗಿ ಇನ್ನೊಂದನ್ನು ಹೊರಗೆಸೆಯಬೇಕಾದಷ್ಟು ಇಕ್ಕಟ್ಟಾದ ಮನೆಯು ಅದಲ್ಲ. ಇಂದು ಸಂಜೆ ಮಗುವು ಬಂದು ಮಗ್ಗುಲಲ್ಲಿ ಕುಳಿತು ಏನನ್ನಾದರೂ ಕೇಳಿದಾಗ, ನಿಮ್ಮ ತಾಯಿ ನಿಮಗೆ ಉತ್ತರ ಹೇಳುತ್ತಿದ್ದ ಭಾಷೆಯಲ್ಲಿಯೇ ಸಾವಧಾನವಾಗಿ ಉತ್ತರ ಹೇಳಿರಿ. ಅದು ಮತ್ತೆ ‘ಏಕೆ?’ ಎಂದರೆ ಮತ್ತೆ ಹೇಳಿರಿ.